ಆರ್ದಿಕ ಶುಭಾಶಯಗಳು

ಕಾಮಗೆರೆಯ ಟೀ ಅಂಗಡಿಯ ಗೋಡೆಗೆ ಸೈಕಲ್ಲು ಒರಗಿಸಿ, ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ ಮಾದೇಶ್, "ಕೌದಳ್ಳಿ ದಾಟಿದ ಮೇಲೆ ಹಾನೆ ಇರ್ತವೆ. ಮೂರು ಜನಾನೂ ಜೊತೇಲೇ ಹೋಗ್ಬೇಕು" ಎಂದ. ನಟರಾಜುವಿಗೆ ಕೌದಳ್ಳಿ ಕೇಳಲಿಲ್ಲ, ಜೊತೆಯೂ ಕೇಳಲಿಲ್ಲ. ಹಾನೆ ಮಾತ್ರ ಕೇಳಿತು. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನ ಕಿವಿಗೆ ಇನ್ನೇನು ತಾನೇ ಕೇಳೀತು? ಬೆಳಗ್ಗೆ ಐದಕ್ಕೆ ಯಳಂದೂರು ಬಿಟ್ಟು, ಕೊಳ್ಳೇಗಾಲದಲ್ಲಿ ಕಾಯುತ್ತಿದ್ದ ಮಾದೇಶನನ್ನೂ ರಂಗರಾಜುವನ್ನೂ ಕೂಡಿಕೊಂಡು ಇಲ್ಲಿಯವರೆಗೆ ತುಳಿದು ಬರುವಷ್ಟರಲ್ಲಿ ಇದು ಮೂರನೆಯದು. ಮೊದಲು ಹೆದುರು ಗಾಳಿ ಬೀಸಿತ್ತು, ಆಮೇಲೆ ಹಿಳಿಜಾರು ಸಿಕ್ಕಿತ್ತು, ಈಗ ಆನೆಗೂ ಹಕಾರ ಅಂಟಿಕೊಂಡಿತು. ಮಾದೇಶ್ ಗೇಲಿ ಮಾಡುತ್ತಿದ್ದಾನೆ ಎಂದಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಗೇಲಿಗೆ ಗೇಲಿ, ಅಲ್ಲಿಗೆ ಸರಿಹೋಗುತ್ತಿತ್ತು. ಆದರೆ ಅವನ ಮುಖದಲ್ಲಿ ಗೇಲಿಯ ಸುಳಿವೂ ಇರಲಿಲ್ಲ. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ನೋಡಿ ಕೈ ಇಡುವ ಲೈನ್‌ಮನ್ ಅವನು. ಮಾತಿಗೂ ಈಗ ಹಾಗೇ ನೋಡಿ ನೋಡಿ ಕೈ ಇಡುತ್ತಿದ್ದ.

ಒಲೆಯ ಮುಂದೆ ಕೂತಿದ್ದ ಮಹಾಲಕ್ಷ್ಮಮ್ಮ ಎನ್ನುವ ಹೆಂಗಸು ಮೂವರ ಬಿಗಿ ಚಡ್ಡಿಗಳನ್ನು ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಮಾದಪ್ಪನ ಬೆಟ್ಟಕ್ಕಾ? ಸೈಕಲ್ನಾಗಾ? ಬಸ್ಸು ಬತ್ತದಲ್ಲಪ್ಪ, ಗಂಟೆಗೊಂದು!" ಎಂದಳು. "ಅರಕೆ ಕಣಕ್ಕ" ಎಂದ ಮಾದೇಶ್ ಸಲೀಸಾಗಿ. "ಅರಕೆ ಇವನ್ದು, ನಂದು ಒಟ್ಟೆ ಕರಗ್ಸದು" ಎಂದು ರಂಗರಾಜು ತನ್ನ ಹೊಟ್ಟೆಯ ಮೇಲೆ ಬಡಿದು ತೋರಿಸಿದ. ಕೊಳ್ಳೇಗಾಲದಲ್ಲಿ ಮೆಡಿಕಲ್ ಸ್ಟೋರ್ ಇಟ್ಟು, ಊರಿನವರ ಸಕ್ಕರೆ ಕಾಯಿಲೆಗೆಲ್ಲ ಮಾತ್ರೆ ಕೊಟ್ಟು ಕೊಟ್ಟು ತನಗೂ ಅದನ್ನು ತಂದುಕೊಂಡವನು ರಂಗರಾಜು. "ನಂಗೆ ಆಲು ಆಕ್ಬ್ಯಾಡಿ ಅಕ್ಕ, ಕರೀದೇ ಕೊಡಿ. ಬಿಸ್ಲು ಅತ್ತೋಕೆ ಮುಂಚೆ ಅನೂರು ಸೇರ್ಕಬೇಕು" ಎಂದ ಮಾದೇಶ್ ಮಹಾಲಕ್ಷ್ಮಮ್ಮನಿಗೆ. ಹಾಗೆಂದವನೇ ನಟರಾಜುವಿನ ಕಡೆ ತಿರುಗಿದ. ತಿರುಗುವಾಗ ಒಂದು ಕ್ಷಣ ತಡೆದ. "ನಿನಗೆ ಹಾಲು ಹಾಕಿದ್ದೇ ಹಾಗ್ಲಾ?" ಎಂದು ಕೇಳಿದ. ಆಗಲಿ ಎಂದ ನಟರಾಜು. ಅದೇ ಬಾಯಿ, ಒಂದೇ ಗಳಿಗೆ, ಅಕ್ಕನಿಗೆ ಒಂದು ಮಾತು, ತನಗೆ ಇನ್ನೊಂದು. ಲೋಟ ಹಿಡಿದು ರಸ್ತೆ ನೋಡುತ್ತ ನಿಂತ.

ತಪ್ಪೆಲ್ಲ ನವೆಂಬರ್ ಒಂದರದು. ಅಲ್ಲ, ತಪ್ಪು ತಾರೀಖಿನದಲ್ಲ, ತನ್ನ ನಾಲಿಗೆಯದು. ಮೇ ತಿಂಗಳ ಬಿರುಗಾಳಿಗೆ ಶಾಲೆಯ ಸುತ್ತಿನ ಕಂಬಗಳೆಲ್ಲ ಉರುಳಿದಾಗ ಮಾದೇಶ್ ಮೂರು ದಿನ ಮನೆಗೆ ಹೋಗದೆ ನಿಂತು ಸರಿಮಾಡಿದ್ದ. ರಾಜ್ಯೋತ್ಸವಕ್ಕೆ ಅವನನ್ನು ಕರೆದು ಸನ್ಮಾನ ಮಾಡೋಣ ಎಂದು ಹೆಡ್‌ಮಾಸ್ಟರ ಕಿವಿಗೆ ಹಾಕಿದವನೂ ನಟರಾಜುವೇ. ಮಾದೇಶನ ಮಗಳು ನಾಗಶ್ರೀ ಅದೇ ಶಾಲೆಯ ಒಂಬತ್ತನೇ ಕ್ಲಾಸು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹೆಗಲ ಮೇಲೆ ಶಾಲು, ಕೈಯಲ್ಲಿ ನಾಲ್ಕು ಮಡಿಕೆಯ ಚೀಟಿ. ಮೈಕಿನ ಮುಂದೆ ನಿಂತ ಮಾದೇಶ್ ಚೀಟಿ ನೋಡದೆ ಗಟ್ಟಿಯಾಗಿ, "ಎಲ್ಲರಿಗೂ ಕನ್ನಡ ರಾಜ್ಯೋತ್ಸವದ ಆರ್ದಿಕ ಶುಭಾಶಯಗಳು" ಎಂದಿದ್ದ. ಅಷ್ಟೇ ಅವನ ಭಾಷಣ. ಇನ್ನೆರಡು ಮಾತು ಇತ್ತೋ ಏನೋ, ಚೀಟಿಯಲ್ಲೇ ಉಳಿಯಿತು. ನಿರೂಪಣೆ ಮಾಡುತ್ತಿದ್ದ ನಟರಾಜು ಮೈಕು ಈಸಿಕೊಂಡು, ಯಾಕೆ ಅಂದನೋ ಇವತ್ತಿಗೂ ಗೊತ್ತಿಲ್ಲ, "ಹಾರ್ದಿಕ ಶುಭಾಶಯ ಎಲ್ಲರೂ ಹೇಳ್ತಾರೆ. ಆರ್ಥಿಕ ಶುಭಾಶಯ ಹೇಳಿದವರು ನಮ್ಮ ಮಾದೇಶ್ ಒಬ್ಬರೇ. ಈ ಕಾಲಕ್ಕೆ ಬೇಕಾದ್ದೂ ಅದೇ!" ಎಂದುಬಿಟ್ಟ. ಶಾಲೆ ಗೊಳ್ಳೆಂದಿತು. ಹೆಡ್‌ಮಾಸ್ಟರು ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ಮಾದೇಶನೂ ನಕ್ಕ, ಏನಾಯಿತೆಂದು ತಿಳಿಯದೆ ನಕ್ಕ. ಆಮೇಲೆ ಒಂಬತ್ತನೇ ಕ್ಲಾಸಿನ ಸಾಲಿನಲ್ಲಿ ಎಲ್ಲರ ನಡುವೆ ಒಂದು ತಲೆ ಮಾತ್ರ ಬಗ್ಗಿದ್ದನ್ನು ನೋಡಿದ, ಆಗ ತಿಳಿಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಪ್ರತಿವರ್ಷ ಪ್ರಶ್ನೆ ಕೊಟ್ಟು, ಮಕ್ಕಳು ಬರೆದದ್ದಕ್ಕೆ ಮೂರಕ್ಕೆ ಎರಡು, ಎರಡೂವರೆ ಹಾಕುತ್ತಿದ್ದ ಮೇಷ್ಟ್ರು ನಟರಾಜು.

ಇವತ್ತು ಹೇಗಾದರೂ ಮಾಡಿ ಕ್ಷಮೆ ಕೇಳಿಬಿಡಬೇಕು. ಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೋಗೋಣ ಎಂದು ರಂಗರಾಜು ಸುಮ್ಮನೆ ಎಂದಾಗ ಮೊಣಕಾಲು ನೋವನ್ನೂ ಲೆಕ್ಕಿಸದೆ ಹ್ಞೂಂ ಎಂದಿದ್ದು ಅದಕ್ಕೇ. ಭಾನುವಾರ ಭಾನುವಾರ ಮೂವತ್ತು ಕಿಲೋಮೀಟರು ತುಳಿದು ಇಡ್ಲಿ ತಿಂದು ಬರುವವರಿಗೆ ಇದು ತೊಂಬತ್ತೈದು. ಇಡೀ ದಿನ ಜೊತೆಗಿರುತ್ತೇವಲ್ಲ, ಎಲ್ಲೋ ಒಂದು ಕಡೆ ಬಾಯಿ ಬಿಡಬಹುದು ಎಂದುಕೊಂಡಿದ್ದ. ಆದರೆ ಕಾಮಗೆರೆ ಬಿಟ್ಟ ಮೇಲೆ ಗಾಳಿ ಎದುರಾಯಿತು, ಮಾದೇಶ್ ಮುಂದೆ ಹೋಗಿ ಗಾಳಿ ತಡೆಯುತ್ತ ತುಳಿಯತೊಡಗಿದ, ನಟರಾಜು ಅವನ ಬೆನ್ನ ಹಿಂದೆ ಅವಿತುಕೊಂಡು ತುಳಿದ. ಬೆವರಿನಲ್ಲಿ ಒದ್ದೆಯಾದ ಆ ಅಗಲ ಬೆನ್ನಿಗೆ ಏನೆಂದು ಹೇಳುವುದು? ತಾನು ಬೇಡವೆಂದರೂ ಗಾಳಿ ತಡೆಯುತ್ತಾನೆ, ಅವನು ಅಂಥವನೇ. ಎಡಬದಿಯ ಮುಸುಕಿನ ಜೋಳದ ಹೊಲದಲ್ಲಿ ಯಾರೋ ಕೂಗಿ ಕರೆಯುತ್ತಿದ್ದರು. ತನ್ನ ಅವ್ವನ ದನಿಯೂ ಹಾಗೇ ಇತ್ತು, ಹೊಲದ ಆ ಬದುವಿನಿಂದ ಈ ಬದುವಿಗೆ ಮುಟ್ಟುತ್ತಿತ್ತು. ಅವ್ವ ಚಿಕ್ಕನಿಂಗಮ್ಮ ಮಾತು ನಿಲ್ಲಿಸಿದರೆ ಊರಿನಲ್ಲಿ ಏನೋ ಆಗಿದೆ ಎಂದು ಜನ ವಿಚಾರಿಸಲು ಬರುತ್ತಿದ್ದರು. ತಾನು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ಹೆಡ್‌ಮಾಸ್ಟರು ಮನೆಗೆ ಬಂದಾಗ ಅವ್ವ ತಟ್ಟೆ ತುಂಬ ಬಾಳೆಹಣ್ಣು ತಂದಿಟ್ಟು, "ಅಣ್ಣು ತಿನ್ನಿ ಸಾ" ಎಂದಳು. "ಹಣ್ಣು ಅನ್ನವ್ವ" ಎಂದ ನಟರಾಜು, ನಗುತ್ತಲೇ. ಅವ್ವನೂ ನಕ್ಕಳು. ಅವತ್ತಿನಿಂದ ಮನೆಗೆ ಯಾರು ಬಂದರೂ ತಟ್ಟೆ ಇಟ್ಟು ಕೈಯಲ್ಲಿ ತೋರಿಸಿ ಒಳಗೆ ಹೋಗುತ್ತಿದ್ದಳು. ಕೊನೆಗಾಲದಲ್ಲಿ ಆಸ್ಪತ್ರೆಯಲ್ಲಿ ನರ್ಸಿನ ಹತ್ತಿರ ನೀರು ಬೇಕಾದಾಗಲೂ ಕೈ ಎತ್ತಿ ಬಾಯಿಗೆ ತೋರಿಸಿದಳು. ನೀರಿನಲ್ಲಿ ಹಕಾರವೇ ಇಲ್ಲ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಹನೂರಿನ ಹೋಟೆಲಿನಲ್ಲಿ ಇನ್ನು ತಡೆಯಬಾರದು ಎಂದುಕೊಂಡ. ರಂಗರಾಜು ಕೈ ತೊಳೆಯಲು ಹೋಗಿದ್ದ. ಬೆಟ್ಟದ ಬಸ್ಸಿಗೆ ಕಾಯುವವರ ಗದ್ದಲ ಒಳಗೂ ತುಂಬಿತ್ತು. "ಮಾದೇಶ, ಅವತ್ತು ಸ್ಕೂಲಲ್ಲಿ..." ಎಂದು ನಟರಾಜು ಶುರುಮಾಡಿದ. ಮಾದೇಶ್ ದೋಸೆ ಮುರಿಯುವುದನ್ನು ನಿಲ್ಲಿಸಿ ನೆಟ್ಟಗೆ ಕೂತು, "ಹವತ್ತಾ?" ಎಂದ. ರಂಗರಾಜು ಅಷ್ಟರಲ್ಲೇ ಬಂದು ಪಕ್ಕದಲ್ಲಿ ಧೊಪ್ಪನೆ ಕೂತಿದ್ದ. "ಹವತ್ತು! ಲೇ ಮಾದೇಸ, ಅದ್ಯಾವ್ ಬಾಸೆ ಕಣ್ಲಾ? ಎಲ್ಲಿ ಕಲ್ತೆ?" ಎಂದು ಟೇಬಲ್ಲು ಬಡಿದು ನಕ್ಕ. ಪಕ್ಕದ ಟೇಬಲ್ಲಿನವರೂ ತಿರುಗಿದರು. ಮಾದೇಶನ ಕಿವಿ ಕೆಂಪಾಯಿತು. ಅವನು ರಂಗರಾಜುವನ್ನು ನೋಡಲಿಲ್ಲ, ಸ್ಲೇಟು ತೋರಿಸುವ ಹುಡುಗನ ಹಾಗೆ ನಟರಾಜುವಿನ ಕಡೆ ನೋಡಿ ಮೆಲ್ಲಗೆ, "ತಪ್ಪಾಯ್ತಾ?" ಎಂದ. ನಟರಾಜುವಿನ ತುಟಿ ಅಭ್ಯಾಸಬಲದಿಂದ ಅವತ್ತು ಎನ್ನಲು ಅರ್ಧ ತೆರೆದಿತ್ತು. "ಇಲ್ಲ. ಸರಿಯಾಗೇ ಇದೆ" ಎಂದ. ತಪ್ಪು ಕನ್ನಡವನ್ನು ಸರಿ ಎಂದು ಅವನು ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ಹೇಳಿದ ಮೇಲೆ ಸಮಾಧಾನವಾಗುವುದಿರಲಿ, ಇನ್ನಷ್ಟು ಕೆಟ್ಟದೆನಿಸಿತು. ಸುಳ್ಳು ಹೇಳಿ ಅವನನ್ನು ಇನ್ನೊಂದು ಸಲ ಎಲ್ಲರ ನಡುವೆ ನಿಲ್ಲಿಸಿದಂತಾಯಿತು. ಸಾಂಬಾರು ಇನ್ನೊಂದು ಸಲ ಬೇಕೆಂದು ರಂಗರಾಜು ಕೂಗಿದ.

ಕೌದಳ್ಳಿ ದಾಟಿದ ಮೇಲೆ ಕಾಡು. ನೆರಳು ಬಿದ್ದಲ್ಲಿ ತಂಪು, ಬೀಳದಲ್ಲಿ ಬೆಂಕಿ. ಆನೆ ಲದ್ದಿ ಹಳೆಯದೋ ಹೊಸದೋ ಎಂದು ಲೊಕ್ಕನಹಳ್ಳಿಯಲ್ಲಿ ಹುಟ್ಟಿದ ಮಾದೇಶ್ ಸೈಕಲ್ಲಿನಿಂದ ಇಳಿಯದೇ ಹೇಳಬಲ್ಲ. ಒಂದು ಕಡೆ ಮೂಗು ಅರಳಿಸಿ, ಕೈ ಎತ್ತಿ, ಇಬ್ಬರನ್ನೂ ನಿಲ್ಲಿಸಿದ. ಹತ್ತು ನಿಮಿಷ ಕಾದರು. ಏನೂ ಬರಲಿಲ್ಲ. ಮತ್ತೆ ಹೊರಟಾಗ ಅವನು ನಟರಾಜುವಿನ ಪಕ್ಕಕ್ಕೆ ಬಂದು ತಾನಾಗೇ ಮಾತು ತೆಗೆದ, ಮನೆಯ ಸುದ್ದಿ ಹೇಳುವ ಸಂತೋಷದಲ್ಲಿ. "ನಾಗಶ್ರೀ ದಿನಾ ಸಂಜೆ ಹೇಳ್ಕೊಡ್ತಾಳೆ ಗೊತ್ತಾ? ಕನ್ನಡಿ ಮುಂದೆ ನಿಲ್ಲಿಸ್ತಾಳೆ. ಹಾರ, ಹಬ್ಬ, ಹಸು. ಹ ಅಂದಾಗ ಕನ್ನಡಿ ಮಂಜಾಗ್ಬೇಕಂತೆ. ಮಂಜಾದ್ರೆ ಪಾಸು." ಹೇಳಿ ನಕ್ಕ. "ನಮ್ಮವಳು ಬಂದು, ಕನ್ನಡಿ ಹೆಲ್ಲಾ ಗಲೀಜು ಮಾಡ್ತೀರಾ ಅಂತ ಬೈತಾಳೆ." ನಟರಾಜುವಿಗೆ ಅದು ಕಣ್ಣಿಗೆ ಕಟ್ಟಿತು. ಹದಿನೆಂಟು ಸಾವಿರ ಕಂಬ ಹತ್ತಿ ಇಳಿದ ಮನುಷ್ಯ ಕನ್ನಡಿಯ ಮುಂದೆ ಬಾಯಿ ತೆರೆದು ನಿಂತಿದ್ದಾನೆ, ಹುಡುಗಿ ಹಿಂದೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಳೆ, ಇನ್ನೊಂದು ಸಲ ತನ್ನಪ್ಪನನ್ನು ನೋಡಿ ಯಾರೂ ನಗಬಾರದೆಂದು. ಆ ಯಾರೂ ಎನ್ನುವುದು ತಾನೇ. "ಚೆನ್ನಾಗಿ ಕಲಿಸ್ತಾಳೆ" ಎಂದ.

ತಾಳಬೆಟ್ಟದಲ್ಲಿ ರಂಗರಾಜು ಶರಣಾದ. ಅಲ್ಲಿಂದ ಮೇಲಕ್ಕೆ ತಿರುವಿನ ಮೇಲೆ ತಿರುವು. ಕತ್ತೆತ್ತಿ ನೋಡಿದವನೇ ಬೆಟ್ಟಕ್ಕೆ ಕೋಸು ಸಾಗಿಸುತ್ತಿದ್ದ ಗೂಡ್ಸ್ ಆಟೋವನ್ನು ಅಡ್ಡಗಟ್ಟಿ, ಸೈಕಲ್ಲನ್ನೂ ತನ್ನನ್ನೂ ಹಿಂದಕ್ಕೆ ಏರಿಸಿಕೊಂಡ. "ಮಾದಪ್ಪ ಕರುಣಾಮಯಿ ಕಣ್ರಪ್ಪ, ಆಟೋನೂ ಅವನೇ ಕಳ್ಸವ್ನೆ" ಎಂದು ಕೋಸಿನ ಮೂಟೆಗಳ ನಡುವೆ ಕೂತು ಕೈ ಬೀಸುತ್ತ ಮೊದಲನೆಯ ತಿರುವಿನಲ್ಲಿ ಮರೆಯಾದ. ಇಬ್ಬರೇ ಉಳಿದರು. ಎರಡನೆಯ ತಿರುವಿಗೆ ನಟರಾಜುವಿನ ಎಡಮೀನಖಂಡ ಗಂಟು ಕಟ್ಟಿತು. ಇಳಿದು ತಳ್ಳಿದ. ಬರಿಗಾಲಲ್ಲಿ ಬೆಟ್ಟಕ್ಕೆ ನಡೆಯುತ್ತಿದ್ದ ಮುದುಕಿಯೊಬ್ಬಳು, ತಲೆಯ ಮೇಲೆ ಬುತ್ತಿಗಂಟು, ಅವನನ್ನು ದಾಟಿ ಹೋಗುವಾಗ ನಿಂತು, "ಅದು ನಿನ್ನ ಒತ್ಕಂಡ್ ಓಗ್ಬೇಕೋ, ನೀನು ಅದ್ನ ಒತ್ಕಂಡ್ ಓಗ್ಬೇಕೋ ಮಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದಳು. ನಾಚಿಕೆಯಾಯಿತು. ಆದರೆ ಆ ಮಾತಿನಲ್ಲಿ ಒಂದು ಅಂಜಿಕೆಯೂ ಇರಲಿಲ್ಲವಲ್ಲ, ಅದನ್ನೇ ಇನ್ನೊಂದು ಸಲ ಕೇಳಬೇಕೆನಿಸಿತು.

ನಟರಾಜು ರಸ್ತೆಯಂಚಿನ ತಡೆಗೋಡೆಯ ಮೇಲೆ ಕೂತ. ಮಾದೇಶ್ ಕೆಳಗೆ ಕುಕ್ಕುರುಗಾಲಲ್ಲಿ ಕೂತು ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದ. ಕಂಬಕ್ಕೆ ಉಜ್ಜಿ ಉಜ್ಜಿ ಗಡಸಾದ ಅಂಗೈ. ನಟರಾಜು ಅವನ ನೆತ್ತಿ ನೋಡುತ್ತ, "ಮಾದೇಶ, ಅವತ್ತು ಮೈಕಲ್ಲಿ ನಾನು ಹಾಗೆ ಅನ್ನಬಾರದಿತ್ತು. ನಿನ್ನ ಮಗಳ ಮುಂದೆ. ತಪ್ಪಾಯ್ತು ಕಣೋ" ಎಂದ. ಮಾದೇಶನ ಕೈ ನಿಲ್ಲಲಿಲ್ಲ. "ನಿನ್ನದೇನು ತಪ್ಪು. ತಪ್ಪು ಹಾಡಿದ್ದು ನಾನು" ಎಂದ.

"ಬಿಡೋ ಅದನ್ನ! ಮೊದಲು ಹೇಗೆ ಮಾತಾಡ್ತಿದ್ದೆ ಹಾಗೇ ಮಾತಾಡು. ಕೈ ಮುಗೀತೀನಿ."

"ಬೇಕು ಅಂತ ಮಾಡ್ತಿಲ್ಲ ನಟರಾಜು." ಮಾದೇಶ್ ತಲೆಯೆತ್ತಿದ. ಮುಖದಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಬೇರೆಯವ್ರ ಹತ್ರ ಸುಮ್ನೆ ಬರುತ್ತೆ. ನಿನ್ನ ಮುಂದೆ ಬಾಯಿ ತೆಗೆದ್ರೆ ಎಲ್ಲಿ ಉಸಿರು ಬಿಡ್ಬೇಕು, ಎಲ್ಲಿ ಹಿಡ್ಕೋಬೇಕು ಅನ್ನೋದೇ ಯೋಚ್ನೆ. ಮೊದ್ಲು ಹೇಗೆ ಆಡ್ತಿದ್ದೆ ಅನ್ನೋದು ನಂಗೇ ಮರೆತು ಹೋಯ್ತು." ಮತ್ತೆ ತಲೆ ತಗ್ಗಿಸಿ ತಿಕ್ಕಿದ. "ನಿನ್ ಹತ್ರ ಬರೋದಕ್ಕೇ ಹಂಜಿಕೆ ಆಗ್ತಿತ್ತು, ಸತ್ಯ ಹೇಳ್ತೀನಿ. ಇವತ್ತು ಬಂದಿದ್ದೇ ದೊಡ್ಡದು."

ಕ್ಷಮೆ ಕೇಳಿಯಾಯಿತು, ಅವನು ಕೊಟ್ಟೂ ಆಯಿತು. ಆದರೆ ಹೋದದ್ದು ಬರಲಿಲ್ಲ. ಇಷ್ಟು ದಿನ ನಟರಾಜು ತಿಳಿದುಕೊಂಡಿದ್ದು ತಪ್ಪಾಯ್ತು ಎನ್ನುವುದೇ ಕಷ್ಟ, ಅಂದುಬಿಟ್ಟರೆ ಮುಗಿಯಿತು ಎಂದು. ಹೀಗೇ ಈ ಸ್ನೇಹಿತ ಒಂದೊಂದೇ ಮಾತು ಕಡಿಮೆ ಮಾಡುತ್ತ ಹೋಗುತ್ತಾನೆ, ಒಂದು ಭಾನುವಾರ ಬರುವುದಿಲ್ಲ, ಇನ್ನೊಂದು ಭಾನುವಾರ ಎಲ್ಲಾದರೂ ಎದುರಾದರೆ ಕೈ ಎತ್ತಿ ಹೋಗುತ್ತಾನೆ. ಮಾತಿಲ್ಲದ ಕೈ ಎಂಥದೆಂದು ನಟರಾಜುವಿಗೆ ಗೊತ್ತು. ಅದನ್ನು ಇನ್ನೊಂದು ಸಲ ನೋಡುವ ಶಕ್ತಿ ಅವನಿಗಿರಲಿಲ್ಲ. ಕಾಲು ಎಳೆದುಕೊಂಡು ಎದ್ದು ಸೈಕಲ್ಲು ಏರಿದ. ಮಾದೇಶ್ ಹಿಂದೆ ಬಂದ.

ಕೊನೆಕೊನೆಯ ತಿರುವುಗಳು ಯಮನ ತಿರುವುಗಳು. ಎಲ್ಲಕ್ಕಿಂತ ಕಡಿಮೆ ಗೇರಿಗೆ ಹಾಕಿಯಾಯಿತು, ಅದಕ್ಕಿಂತ ಕಡಿಮೆ ಗೇರಿಲ್ಲ. ಬೆವರು ಕಣ್ಣಿಗಿಳಿದು ರಸ್ತೆ ಕಾಣಿಸುತ್ತಿಲ್ಲ. ಮೇಲಿಂದ ಬಸ್ಸೊಂದು ಹಾರ್ನ್ ಹೊಡೆಯುತ್ತ ತಿರುವಿನಲ್ಲಿ ಇಳಿಯುತ್ತಿರುವುದು ಕೇಳಿತು, ಅದೇ ಗಳಿಗೆಗೆ ಮೀನಖಂಡ ಮತ್ತೆ ಹಿಡಿಯಿತು, ಮುಂದಿನ ಚಕ್ರ ಓಲಾಡಿ ರಸ್ತೆಯ ನಡುವಿಗೆ ಎಳೆಯಿತು. ಬೀಳುತ್ತೇನೆ ಎನ್ನುವಷ್ಟರಲ್ಲಿ ಬೆನ್ನಿನ ನಡುವೆ ಒಂದು ಕೈ ಬಿತ್ತು. ಒಂದೇ ಕೈಯಲ್ಲಿ ತನ್ನ ಹ್ಯಾಂಡಲ್ಲು ಹಿಡಿದು ಮಾದೇಶ್ ಪಕ್ಕಕ್ಕೆ ಬಂದಿದ್ದ, ಅಂಗೈ ಊರಿ ಅವನನ್ನು ಮೇಲಕ್ಕೂ ಬದಿಗೂ ದೂಡುತ್ತಿದ್ದ. ಬಸ್ಸು ಬಿಸಿ ಗಾಳಿ ಬೀಸಿ ದಾಟಿತು. "ಅತ್ತಕ್ಕಾಯ್ತಿಲ್ಲ ಕಣ್ಲಾ ಮಾದೇಸ... ಕಾಲು... ಇಡ್ಕತಾ ಅದೆ" ಎಂದು ಯಾರೋ ಕೂಗಿದರು. ಯಾರೆಂದು ನಟರಾಜುವಿಗೆ ತಕ್ಷಣ ತಿಳಿಯಲಿಲ್ಲ. ಅದು ತನ್ನದೇ ದನಿ. ಟ್ರೈನಿಂಗ್ ಕಾಲೇಜಿಗೆ ಸೇರಿದ ಮೇಲೆ ಊರಿನ ಆ ಮಾತು ಅವನ ಬಾಯಿಂದ ಹೊರಟೇ ಇರಲಿಲ್ಲ. ಹ ಎಂದರೆ ಉಸಿರು ತಾನೇ. ಇದ್ದಬದ್ದ ಉಸಿರೆಲ್ಲ ಕಾಲಿಗೆ ಹೋಗಿತ್ತು, ನಾಲಿಗೆಗೆ ಮಿಕ್ಕಿರಲಿಲ್ಲ. ಪಕ್ಕದವನಿಗೂ ಮಿಕ್ಕಿರಲಿಲ್ಲ.

"ನಿಲ್ಬ್ಯಾಡ ಕಣ್ಲಾ ನಟ್ರಾಜ! ಅತ್ಬುಡು! ನಾನಿವ್ನಿ ಇಂದ್ಗಡೆ, ಅತ್ಬುಡ್ಲಾ!"

ಹತ್ತಿಬಿಡು. ಅತ್ತುಬಿಡು. ಕರಿಹಲಗೆಯ ಮೇಲೆ ಎರಡನ್ನೂ ಬರೆದು, ಏರುವುದು ಬೇರೆ, ಕಣ್ಣೀರು ಹಾಕುವುದು ಬೇರೆ, ನೋಡಿ ಮಕ್ಕಳೇ, ಒಂದು ಅಕ್ಷರದಿಂದ ಎಷ್ಟು ವ್ಯತ್ಯಾಸ ಎಂದು ಎಷ್ಟು ವರ್ಷ ಹೇಳಿದ್ದಾನೆ. ಮಕ್ಕಳು ಬೆರೆಸಿ ಬರೆದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾನೆ. "ಅತ್ಬುಡು, ಅತ್ಬುಡು" ಎನ್ನುತ್ತಲೇ ಇದ್ದ ಮಾದೇಶ್, ಏದುಸಿರಿನ ನಡುವೆ, ತುಳಿತಕ್ಕೊಂದರಂತೆ. ಬೆನ್ನಿನ ಮೇಲಿನ ಕೈ ಕದಲಲಿಲ್ಲ. ನಟರಾಜುವಿಗೆ ಇನ್ನು ತಡೆಯಲಾಗಲಿಲ್ಲ. ಪೆಡಲು ತುಳಿಯುತ್ತಲೇ ಬಿಕ್ಕಿದ, ನಿಲ್ಲಿಸದೆ, ಒರೆಸಿಕೊಳ್ಳದೆ, ಅವ್ವನಿಗೂ ಸೇರಿಸಿ. ಮಾದೇಶ್ ಒಮ್ಮೆ ಅವನ ಮುಖ ನೋಡಿದ. ಕೈ ತೆಗೆಯಲಿಲ್ಲ. ಹಾಗೇ ಇಬ್ಬರೂ ಮೇಲೆ ಮುಟ್ಟಿದರು.

ಬಸ್‌ಸ್ಟಾಂಡಿನ ಪಕ್ಕದ ಕಟ್ಟೆಯ ಮೇಲೆ ರಂಗರಾಜು ಕಾಗದದ ತುಂಬ ಉಪ್ಪುಖಾರ ಹಚ್ಚಿದ ಸೌತೆಕಾಯಿ ಇಟ್ಟುಕೊಂಡು ಕಾಯುತ್ತಿದ್ದ. "ಬಂದ್ರಾ! ನಾನ್ ಬಂದು ಒಂದ್ ನಿದ್ದೆ ಆಯ್ತು" ಎಂದವನು ನಟರಾಜುವಿನ ಮುಖ ನೋಡಿ ಎದ್ದು ನಿಂತ. "ಲೇ ಮಾದೇಸ, ಮೇಷ್ಟ್ರ ಕಣ್ಯಾಕ್ಲಾ ಇಂಗೆ ಕೆಂಪಗಾಗವೆ?" ಸುತ್ತ ಜನವಿದ್ದರು, ಕಟ್ಟೆಯ ಮೇಲೆ ಕೂತವರೂ ತಿರುಗಿದರು. ನಟರಾಜು ಹೆಲ್ಮೆಟ್ಟಿನ ಪಟ್ಟಿ ಬಿಚ್ಚುವವನಂತೆ ತಲೆ ತಗ್ಗಿಸಿದ. ಹೇಳುವುದು ಈಗ ಮಾದೇಶನಿಗೆ ಬಿಟ್ಟದ್ದು. ಏನು ಬೇಕಾದರೂ ಹೇಳಬಹುದಿತ್ತು, ಎಲ್ಲರೂ ನಗುವಂತೆಯೂ ಹೇಳಬಹುದಿತ್ತು.

"ಅತ್ಕಂಡ್ ಬಂದ ಕಣ್ಲಾ" ಎಂದ ಮಾದೇಶ್. "ನಿನ್ನಂಗೆ ಕೋಸಿನ್ ಜೊತೆ ಬಂದ್ನಾ?"

"ಅದೂ ಸರಿ ಅನ್ನು" ಎಂದ ರಂಗರಾಜು, ತಾನು ಹತ್ತದೇ ಬಂದದ್ದಕ್ಕೆ ಸ್ವಲ್ಪ ನಾಚಿ, ಸೌತೆಕಾಯಿಯ ಎಲ್ಲಕ್ಕಿಂತ ದೊಡ್ಡ ಹೋಳನ್ನು ಆರಿಸಿ ನಟರಾಜುವಿನ ಕೈಗಿಟ್ಟ.